ಊಟ ಬಲ್ಲವನಿಗೆ ರೋಗವಿಲ್ಲ, ಸರಿ. ಆ ಸೊಪ್ಪಿಗೆ ನೀರು ಯಾವ ಬಾವಿಯದು?



ಬರಹ ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಓದಿ.

ಈಗ ಮೊಬೈಲ್ ತೆಗೆದರೆ ಸಾಕು, ಆರೋಗ್ಯದ ಪಾಠ ಶುರು. ಮನೆ ಅಡುಗೆ ತಿನ್ನಿ, ಸೊಪ್ಪು ತಿನ್ನಿ, ದಿನಾ ಒಂದು ಹಣ್ಣು ತಿನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ ಇದನ್ನೇ ಹೇಳುತ್ತೆ: ವಯಸ್ಕರು ದಿನಕ್ಕೆ ಸುಮಾರು 400 ಗ್ರಾಂ ಸೊಪ್ಪು ತರಕಾರಿ, 100 ಗ್ರಾಂ ಹಣ್ಣು ತಿನ್ನಬೇಕು. ಇದರಲ್ಲಿ ನನ್ನ ತಕರಾರು ಏನೂ ಇಲ್ಲ. ವಿಜ್ಞಾನ ಸರಿಯಾಗೇ ಇದೆ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು.

ತಕರಾರು ಇರೋದು ಆಮೇಲೆ ಬರೋ ಮಾತಿನ ಮೇಲೆ. "ಈ ಜನಕ್ಕೆ ತಿನ್ನೋದೇ ಗೊತ್ತಿಲ್ಲ, ಅದಕ್ಕೇ ರಕ್ತ ಇಲ್ಲ, ಶಕ್ತಿ ಇಲ್ಲ" ಅನ್ನೋ ಮಾತು. ಜೊತೆಗೆ ಒಂದು ಗಾದೆ ಬೇರೆ: ಊಟ ಬಲ್ಲವನಿಗೆ ರೋಗವಿಲ್ಲ. ಅಂದ್ರೆ ರೋಗ ಬಂತು ಅಂದರೆ ನಿನಗೆ ಊಟ ಮಾಡೋಕೆ ಬರಲಿಲ್ಲ ಅಂತ ಅರ್ಥ. ತಪ್ಪು ನಿನ್ನದೇ.

ಜಾತಿ ಮತ್ತು ಊಟ ಅಂದ ತಕ್ಷಣ ಮಾತು ಮಾಂಸದ ಕಡೆ ಹೋಗುತ್ತೆ. ಅದರ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ, ಇನ್ನೂ ಬರೀಬೇಕು. ಇವತ್ತು ನಾನು ಹೇಳೋದು ಸೊಪ್ಪು, ತರಕಾರಿ, ಹಣ್ಣಿನ ಚರಿತ್ರೆ ಮಾತ್ರ. ಯಾಕಂದ್ರೆ ತರಕಾರಿಗೆ ಜಾತಿ ಇಲ್ಲ ಅಂತ ತುಂಬಾ ಜನ ನಂಬಿಕೊಂಡಿದ್ದಾರೆ. ಇದೆ. ಬಹಳ ಹಳೇ ಕಾಲದಿಂದ ಇದೆ.

ಈರುಳ್ಳಿ ತಿಂದವರು ಊರ ಹೊರಗೆ

ಚೀನಾದಿಂದ ಫಾಹಿಯಾನ್ ಅನ್ನೋ ಬೌದ್ಧ ಭಿಕ್ಷು ಸುಮಾರು ಕ್ರಿ.ಶ. 400ರ ಹೊತ್ತಿಗೆ ನಮ್ಮ ದೇಶಕ್ಕೆ ಬಂದ. ಆಗ ಗುಪ್ತರ ಕಾಲ. ಶಾಲೆಯಲ್ಲಿ ನಾವೆಲ್ಲ ಸುವರ್ಣಯುಗ ಅಂತ ಓದಿದ್ದೀವಲ್ಲ, ಅದೇ ಕಾಲ. ಉತ್ತರ ಭಾರತದ ಮಧ್ಯದೇಶದ ಬಗ್ಗೆ ಅವನು ಬರೆದಿಟ್ಟ ಸಂಗತಿ ಇದು: ಇಲ್ಲಿನ ಜನ ಪ್ರಾಣಿ ಕೊಲ್ಲಲ್ಲ, ಹೆಂಡ ಕುಡಿಯಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಚಂಡಾಲರನ್ನು ಬಿಟ್ಟು. ಆ ಚಂಡಾಲರು ಬೇರೆ ವಾಸ ಮಾಡುತ್ತಾರೆ. ಪೇಟೆಗೆ, ಊರಿಗೆ ಬಂದರೆ ಮರದ ತುಂಡು ಬಡಿದು ಸದ್ದು ಮಾಡುತ್ತಾರೆ, ಬೇರೆಯವರು ಮುಟ್ಟಿಸಿಕೊಳ್ಳದೆ ದೂರ ಸರಿಯಲಿ ಅಂತ.

ಇದನ್ನು ನಾವು ಸಾಮಾನ್ಯವಾಗಿ ಅಸ್ಪೃಶ್ಯತೆ ಎಷ್ಟು ಹಳೆಯದು ಅಂತ ತೋರಿಸೋಕೆ ಹೇಳ್ತೀವಿ. ಆದರೆ ಅದೇ ಮಾತಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರೋದನ್ನ ಗಮನಿಸಿ. ಯಾರು ಊರ ಒಳಗೆ, ಯಾರು ಊರ ಹೊರಗೆ ಅನ್ನೋದನ್ನ ಗುರುತಿಸೋ ಪಟ್ಟಿಯಲ್ಲಿ ಎರಡು ಗೆಡ್ಡೆಗಳೂ ಸೇರಿವೆ.

ಮನುಸ್ಮೃತಿಯ 5ನೇ ಅಧ್ಯಾಯ ತೆಗೆದು ನೋಡಿ. ಬೆಳ್ಳುಳ್ಳಿ, ಈರುಳ್ಳಿ, ಅಣಬೆ ಇವೆಲ್ಲ ದ್ವಿಜರು ತಿನ್ನಬಾರದ ಪದಾರ್ಥಗಳು. ಬೇಕೂಂತ ತಿಂದರೆ ಜಾತಿಯಿಂದ ಪತಿತ. 10ನೇ ಅಧ್ಯಾಯಕ್ಕೆ ಬನ್ನಿ. ಚಂಡಾಲರಿಗೆ ಅನ್ನ ಬೇರೆಯವರ ಕೈಯಿಂದಲೇ ಬರಬೇಕು, ಅದೂ ಒಡೆದ ಪಾತ್ರೆಯಲ್ಲಿ. ಒಂದು ಅಧ್ಯಾಯದಲ್ಲಿ ಮೇಲಿನವರ ತಟ್ಟೆಯಿಂದ ಏನೇನು ತೆಗೆಯಬೇಕು ಅಂತ ಇದೆ, ಇನ್ನೊಂದರಲ್ಲಿ ಕೆಳಗಿನವರ ತಟ್ಟೆಯೇ ಹೇಗಿರಬೇಕು ಅಂತ ಇದೆ. ಇವತ್ತು ಹೃದಯಕ್ಕೆ ಒಳ್ಳೆಯದು ಅಂತ ಬೆಳ್ಳುಳ್ಳಿ ಹೊಗಳೋರು, ದೊಡ್ಡ ಹೋಟೆಲಲ್ಲಿ ಅಣಬೆಗೆ ನೂರಾರು ರೂಪಾಯಿ ಕೊಡೋರು ಈ ಪುಟಗಳನ್ನೂ ಒಮ್ಮೆ ತಿರುವಿ ಹಾಕಬೇಕು.

ಹಿತ್ತಲು ಇದ್ದವರು, ಇಲ್ಲದವರು

"ಹಿತ್ತಲ ಗಿಡ ಮದ್ದಲ್ಲ" ಅಂತ ಗಾದೆ ಇದೆ. ಕೈಗೆ ಸಿಗೋದಕ್ಕೆ ಬೆಲೆ ಇಲ್ಲ ಅನ್ನೋ ಅರ್ಥ. ಆದರೆ ಈ ಗಾದೆ ಹೇಳೋಕೆ ಮೊದಲು ಒಂದು ಹಿತ್ತಲು ಇರಬೇಕು ತಾನೇ?

ತರಕಾರಿ ಅನ್ನೋದು ಬರೀ ಬೀಜ ಎಸೆದರೆ ಬರಲ್ಲ. ಮನೆ ಹಿಂದೆ ನಾಲ್ಕು ಅಡಿ ಜಾಗ ಬೇಕು. ಬೇಸಿಗೆಯಲ್ಲೂ ನೀರು ಬೇಕು. ದನದ ಗೊಬ್ಬರ ಬೇಕು. ದಿನಾ ಒಂದರ್ಧ ಗಂಟೆ ಬಿಡುವು ಬೇಕು. ಹಳೇ ಮೈಸೂರಿನ ಯಾವುದೇ ಹಳ್ಳಿಯ ಕೇರಿ ನೆನಪು ಮಾಡಿಕೊಳ್ಳಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಊರ ಬಾವಿಯಲ್ಲಿ ನೀರು ಸೇದೋ ಹಾಗಿಲ್ಲ. ಯಾರಾದರೂ ಬಂದು ಕೊಡಕ್ಕೆ ಹುಯ್ದರೆ ಉಂಟು, ಇಲ್ಲದಿದ್ದರೆ ಹಳ್ಳದ ಒರತೆಯೇ ಗತಿ. ಕುಡಿಯೋಕೇ ನೀರು ಬೇಡಬೇಕಾದ ಮನೆಯವರು ಬದನೆ ಗಿಡಕ್ಕೆ ನೀರು ಹಾಕ್ತಾರಾ?

1800-01ರಲ್ಲಿ, ಟಿಪ್ಪು ಸುಲ್ತಾನ್ ಸತ್ತ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನೋ ಬ್ರಿಟಿಷ್ ಡಾಕ್ಟರು ಮೈಸೂರು ಸೀಮೆಯೆಲ್ಲ ಸುತ್ತಿ ಬೇಸಾಯದ ವಿವರ ದಾಖಲು ಮಾಡಿದ. ಅದು 1807ರಲ್ಲಿ ಪುಸ್ತಕವಾಯಿತು. ದುಡಿಯೋ ಜನರ ಮುಖ್ಯ ಆಹಾರ ರಾಗಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ನೀರಾವರಿ ಇರೋ ತೋಟಗಳ ಲೆಕ್ಕ ಬೇರೆಯೇ ಇದೆ. ತೋಟ ನೀರಿದ್ದವರದ್ದು. ಹೊಲೆಯ ಮಾದಿಗರು ಕಾಣೋದು ಹೊಲದಲ್ಲಿ, ಬೇರೆಯವರ ಆಳಾಗಿ. ಕೂಲಿ ಬರ್ತಿದ್ದದ್ದು ಧಾನ್ಯದಲ್ಲಿ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತು ಆಯ ಪಡೆದರೂ ಅದು ಧಾನ್ಯವೇ. ತರಕಾರಿಯಲ್ಲಿ ಕೂಲಿ ಕೊಟ್ಟದ್ದು ಉಂಟಾ? ಯಜಮಾನರ ಹಿತ್ತಲಲ್ಲಿ ಕೊಳೆಯೋಕೆ ಬಂದ ಕುಂಬಳಕಾಯಿ ಸಿಕ್ಕರೆ ಅದೇ ಹಬ್ಬ.

ಈ ವ್ಯವಸ್ಥೆಯಲ್ಲಿ ಒಂದು ವಿಚಿತ್ರ ಇದೆ. ಯಜಮಾನರ ತೋಟದ ಬದನೆಕಾಯಿಗೆ ಪಾತಿ ಮಾಡಿದ್ದು ನಾವು, ಕಳೆ ಕಿತ್ತಿದ್ದು ನಾವು, ಕೊಯ್ದು ಕುಕ್ಕೆಗೆ ತುಂಬಿದ್ದೂ ನಾವು. ಅಲ್ಲೀವರೆಗೆ ಬದನೆಕಾಯಿಗೆ ಮೈಲಿಗೆ ಇಲ್ಲ. ಅದೇ ಬದನೆಕಾಯಿ ನಮ್ಮ ಒಲೆ ಮೇಲೆ ಬೆಂದರೆ ಮೈಲಿಗೆ! ಹಸಿದಾಗ ಮೈಲಿಗೆ ಲೆಕ್ಕ ಹಾಕಲ್ಲ ಅಂತಾರೆ, ಸುಳ್ಳು. ದುಡಿಮೆ ಬೇಕಾದಾಗ ಲೆಕ್ಕ ಹಾಕಲ್ಲ, ಉಣ್ಣೋವಾಗ ಹಾಕ್ತಾರೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಶಾಲೆಯ ಬಿಸಿಯೂಟದ ವಿಷಯ ಬಂದಾಗ ಮತ್ತೆ ಬೇಕಾಗುತ್ತೆ.

ಬೆರಕೆ ಸೊಪ್ಪಿನ ಪಾಂಡಿತ್ಯ

ಹಾಗಾದರೆ ನಮ್ಮವರು ಸೊಪ್ಪು ತರಕಾರಿ ತಿನ್ನಲೇ ಇಲ್ವಾ? ತಿಂದರು. ಹಿತ್ತಲು ಇಲ್ಲದವರು ಹೊಲದ ಬದುವನ್ನೇ ಹಿತ್ತಲು ಮಾಡಿಕೊಂಡರು.

ಮುಂಗಾರು ಬಿದ್ದು ರಾಗಿ ಹೊಲ ಹಸಿರಾದ ಮೇಲೆ ಕಳೆ ಕೀಳೋ ಕೆಲಸ. ಅದು ಹೆಂಗಸರ ಕೂಲಿ. ನಮ್ಮಜ್ಜಿ ಕಳೆ ಕೀಳೋಕೆ ಹೋದ ದಿನ ಸಾಯಂಕಾಲ ಮಡಿಲು ತುಂಬಾ ಸೊಪ್ಪು ತರ್ತಿದ್ದಳು. ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಹೊನಗೊನೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಕನ್ನೆ ಸೊಪ್ಪು, ತಗಚೆ ಕುಡಿ, ಬೇಲಿ ಸಾಲಿನ ನುಗ್ಗೆ ಸೊಪ್ಪು. ಎಲ್ಲಾ ಸೇರಿದರೆ ಬೆರಕೆ ಸೊಪ್ಪು. "ಅವ್ರ್‌ಗೆ ಕಳೆ ಕನ ಮಗ, ನಮ್ಗೆ ಸೊಪ್ಪು" ಅಂತಿದ್ದಳು. ಯಾವುದನ್ನ ಎಳೆಯದಿದ್ದಾಗ ಮಾತ್ರ ಕೀಳಬೇಕು, ಯಾವುದರ ಹೂ ಬಿಟ್ಟ ಮೇಲೆ ಬೇಡ, ಯಾವುದನ್ನ ಬಾಣಂತಿಗೆ ಕೊಡಬೇಕು, ಯಾವುದು ಜಾಸ್ತಿ ಆದರೆ ಹೊಟ್ಟೆ ಕೆಡುತ್ತೆ, ಎಲ್ಲಾ ಲೆಕ್ಕ ಅವಳ ತಲೆಯಲ್ಲಿತ್ತು. ಓದು ಬರಹ ಬಾರದವಳು. ಹದಿನೈದು ಇಪ್ಪತ್ತು ಗಿಡಗಳನ್ನ ಎಲೆ ಮುಟ್ಟಿ, ಮೂಸಿ ಗುರುತು ಹಿಡಿಯೋಳು. ಇದನ್ನ ಕಾಲೇಜಲ್ಲಿ ಸಸ್ಯಶಾಸ್ತ್ರ ಅಂತಾರೆ, ಕೇರಿಯಲ್ಲಿ ಬಡತನ ಅಂತಾರೆ.

ಅಡುಗೆ ಮಾಡೋ ಕ್ರಮ ನೋಡಿ. ಸೊಪ್ಪು, ಜೊತೆಗೆ ಹುರುಳಿ, ಅಲಸಂದೆ, ಅವರೆ ಯಾವುದಾದರೂ ಕಾಳು ಬೇಯಿಸಿ ಬಸಿಯೋದು. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು, ಉಳಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಬಿಸಿ ರಾಗಿ ಮುದ್ದೆ. ಒಂದು ತೊಟ್ಟು ನೀರೂ ಹೊರಗೆ ಚೆಲ್ಲಲ್ಲ. ಸೊಪ್ಪು ಬೇಯಿಸಿದಾಗ ಅದರಲ್ಲಿರೋ ಕೆಲವು ಜೀವಸತ್ವಗಳು ನೀರಿಗೆ ಇಳಿಯುತ್ತವೆ, ಆ ನೀರು ಚೆಲ್ಲಬೇಡಿ ಅಂತ ಇವತ್ತು ಡಯಟ್ ಹೇಳೋರು ದುಡ್ಡು ತಗೊಂಡು ಹೇಳ್ತಾರೆ. ರಾಗಿಯಲ್ಲಿ ಸುಣ್ಣದ ಅಂಶ, ಕಾಳಲ್ಲಿ ಪ್ರೋಟೀನು, ಸೊಪ್ಪಲ್ಲಿ ಕಬ್ಬಿಣ. ಮೇಲೆ ನಿಂಬೆಹಣ್ಣು ಹಿಂಡಿದರೆ ಆ ಕಬ್ಬಿಣ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತೆ. ಇದಕ್ಕಿಂತ ಸಮತೋಲನದ ಊಟ ಯಾವುದು?

ಹಣ್ಣೂ ಹಾಗೇ. ಸೇಬು ನಾವು ನೋಡಿದ್ದು ಆಸ್ಪತ್ರೆಯಲ್ಲಿ, ಅದೂ ಪಕ್ಕದ ಮಂಚದವರ ಹತ್ತಿರ. ನಮ್ಮದು ಕಾರೆ ಹಣ್ಣು, ಕವಳೆ ಹಣ್ಣು, ಬಾರೆ ಹಣ್ಣು, ಅತ್ತಿ ಹಣ್ಣು, ನೇರಳೆ, ಬೇಲ, ಕದ್ದ ಸೀಬೆಕಾಯಿ. ಸೀಬೆಯಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವ ಇದೆ ಅಂತ ಆಮೇಲೆ ಓದಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಈ ಚಿತ್ರ ಚೆನ್ನಾಗಿ ಕಾಣುತ್ತೆ ಅಂತ ಮೈಮರೆಯೋದು ಬೇಡ. ಅಜ್ಜಿ ಸೊಪ್ಪು ಆರಿಸಿದ್ದು ಆರೋಗ್ಯದ ಪುಸ್ತಕ ಓದಿ ಅಲ್ಲ, ಬೇರೆ ಏನೂ ಕೊಳ್ಳೋಕೆ ಕಾಸಿರಲಿಲ್ಲ. ಆ ಸೊಪ್ಪು ಕೀಳೋಕೂ ಹೊಲದ ಯಜಮಾನರ ಮುಖ ನೋಡಬೇಕಿತ್ತು, "ನಮ್ ದನಕ್ಕೆ ಬೇಕು, ಬುಟ್ಟೋಗು" ಅಂದರೆ ಬಿಟ್ಟು ಬರಬೇಕಿತ್ತು. ಮಳೆಗಾಲ ಮುಗಿದರೆ ಸೊಪ್ಪೂ ಮುಗೀತು. ಬೇಸಿಗೆಯ ನಾಲ್ಕು ತಿಂಗಳು ಮುದ್ದೆ, ಉಪ್ಪು, ಮೆಣಸಿನಕಾಯಿ ಗೊಜ್ಜು. ಜ್ಞಾನ ಇತ್ತು, ಹಕ್ಕು ಇರಲಿಲ್ಲ. ಇಡೀ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಮುಂದಿನದ್ದೆಲ್ಲ ಇದಕ್ಕೆ ಸಾಕ್ಷಿ.

ಬರಗಾಲದ ತಕ್ಕಡಿ

ಬಡವರಿಗೆ ತರಕಾರಿ ಬೇಕಾ, ಬರೀ ಕಾಳು ಸಾಕಾ? ಈ ಪ್ರಶ್ನೆ ಸರ್ಕಾರಿ ಕಡತದಲ್ಲಿ ಚರ್ಚೆ ಆಗಿದ್ದು 1877ರಲ್ಲಿ.

1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲೂ ಹೆಣಗಳ ರಾಶಿ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯೋ, ಮಣ್ಣು ಹೊರೋ ಕೂಲಿಗಳಿಗೆ ಎಷ್ಟು ಕೊಡಬೇಕು ಅಂತ ನಿರ್ಧರಿಸೋಕೆ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬಂದ. ಖರ್ಚು ಉಳಿಸಬೇಕಿತ್ತು. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದ್ರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಆಗೋವಷ್ಟು ದುಡ್ಡು, ಮೇಲೆ ಪುಡಿಗಾಸು ಸಾಕು ಅಂದ. ಚರಿತ್ರೆಯಲ್ಲಿ ಇದಕ್ಕೆ "ಟೆಂಪಲ್ ಕೂಲಿ" ಅಂತಲೇ ಹೆಸರು.

ಇದಕ್ಕೆ ಅಡ್ಡ ನಿಂತವನು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್. ಧಾನ್ಯ ಒಂದೂವರೆ ಪೌಂಡ್ ಆದರೂ ಬೇಕು, ಅದರ ಜೊತೆ ಬೇಳೆಕಾಳು, ತರಕಾರಿ ಬೇಕೇ ಬೇಕು, ಇಲ್ಲದಿದ್ದರೆ ಇವರು ಕೆಲಸ ಮಾಡ್ತಾ ಮಾಡ್ತಾನೇ ಸಾಯ್ತಾರೆ ಅನ್ನೋದು ಅವನ ವಾದ. ಜೈಲಿನ ಕೈದಿಗಳಿಗೆ ಕೊಡೋ ಊಟ ಇದಕ್ಕಿಂತ ಚೆನ್ನಾಗಿದೆ ಅಂತ ಲೆಕ್ಕ ಸಮೇತ ತೋರಿಸಿದ. ಕೊನೆಗೆ ಕೂಲಿಯನ್ನ ಸ್ವಲ್ಪ ಏರಿಸಬೇಕಾಯಿತು. ಅಷ್ಟು ಹೊತ್ತಿಗೆ ಎಷ್ಟು ಜೀವ ಹೋಗಿತ್ತೋ.

ಬರದಲ್ಲಿ ಮೊದಲು ಬೀಳೋರು ಯಾರು? ಭೂಮಿ ಇಲ್ಲದವರು, ಕೂಡಿಟ್ಟ ಧಾನ್ಯ ಇಲ್ಲದವರು. ಹೊಲ ಒಣಗಿದ ಮೇಲೆ ಬೆರಕೆ ಸೊಪ್ಪೂ ಇಲ್ಲ. ಹಾಗಾಗಿ ಆ ಒಂದು ಪೌಂಡಿನ ತಕ್ಕಡಿಯಲ್ಲಿ ತೂಗಿದ್ದು ಬಹುಪಾಲು ನಮ್ಮ ಹಿರಿಯರನ್ನ. ಇವತ್ತೂ "ಬಡವರಿಗೆ ಅಕ್ಕಿ ಕೊಟ್ಟಾಯ್ತಲ್ಲ, ಇನ್ನೇನು?" ಅನ್ನೋರನ್ನ ಕಂಡಾಗ ನನಗೆ ಟೆಂಪಲ್ ಸಾಹೇಬನೇ ನೆನಪಾಗ್ತಾನೆ.

ಮಹಾಡದ ಕೆರೆ, ಚಕ್ವಾರದ ತುಪ್ಪ

ಬಾಬಾಸಾಹೇಬರು ಊಟದ ಪ್ರಶ್ನೆಯನ್ನ ನೀರಿನಿಂದ ಶುರು ಮಾಡಿದರು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಅಂತ ಬಾಂಬೆ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ಇತ್ತು, ಕೆರೆಯಲ್ಲಿ ಇರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಮೆರವಣಿಗೆಯಲ್ಲಿ ಹೋಗಿ ನೀರು ಕುಡಿದರು. ಇದು ನಮಗೆಲ್ಲ ಗೊತ್ತು. ಆಮೇಲೆ ಏನಾಯ್ತು ಅನ್ನೋದನ್ನ ಅಷ್ಟಾಗಿ ಹೇಳಲ್ಲ. ಇವರು ದೇವಸ್ಥಾನಕ್ಕೂ ನುಗ್ತಾರಂತೆ ಅಂತ ಸುಳ್ಳು ಸುದ್ದಿ ಹಬ್ಬಿಸಿ ಗುಂಪು ಕಟ್ಟಿಕೊಂಡು ಬಂದವರು ಸಮ್ಮೇಳನದ ಚಪ್ಪರಕ್ಕೆ ನುಗ್ಗಿದರು. ಅಲ್ಲಿ ಜನ ಊರಿಗೆ ಹೊರಡೋ ಮುಂಚೆ ಊಟ ಮಾಡ್ತಿದ್ದರು. ಅವರನ್ನ ಹೊಡೆದರು, ಅಡುಗೆಯನ್ನ ಮಣ್ಣುಪಾಲು ಮಾಡಿದರು. ಆಮೇಲೆ ಕೆರೆಯನ್ನ ಸಗಣಿ, ಗಂಜಲ, ಹಾಲು, ಮೊಸರು ಹಾಕಿ ಶುದ್ಧ ಮಾಡಿಕೊಂಡರು. ಆ ಕೆರೆಯ ಮೇಲೆ ನಮಗೆ ಹಕ್ಕಿದೆ ಅಂತ ಬಾಂಬೆ ಹೈಕೋರ್ಟಿನ ತೀರ್ಪು ಬರೋಕೆ 1937 ಆಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಅದೇ ಮಹಾಡದಲ್ಲಿ ಬಾಬಾಸಾಹೇಬರು ಎಂಜಲು ಬಿಡಿ, ಸತ್ತ ದನದ ಮಾಂಸ ಬಿಡಿ, ಬೇಸಾಯಕ್ಕೆ ಇಳಿಯಿರಿ ಅಂತ ಕರೆ ಕೊಟ್ಟರು. ಬೇಡವಾದದ್ದನ್ನ ಬಿಟ್ಟರೆ ಸಾಲದು, ಬೇಕಾದದ್ದನ್ನ ಬೆಳೆದುಕೊಳ್ಳೋಕೆ ನೆಲ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಇನ್ನೊಂದು ಘಟನೆಯನ್ನ ಅವರು 1936ರ "ಜಾತಿ ವಿನಾಶ" ಬರಹದಲ್ಲಿ ದಾಖಲಿಸಿದ್ದಾರೆ. ಜೈಪುರ ಸಂಸ್ಥಾನದ ಚಕ್ವಾರ ಅನ್ನೋ ಊರು. ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನ ಜನಕ್ಕೆ ಊಟ ಹಾಕಿಸಿದ. ಅಡುಗೆಗೆ ತುಪ್ಪ ಬಳಸಿದ. ಉಣ್ಣೋಕೆ ಕೂತಾಗ ಲಾಠಿ ಹಿಡಿದು ನೂರಾರು ಜನ ಬಂದು ಅಡುಗೆ ಹಾಳು ಮಾಡಿದರು, ಉಣ್ಣುತ್ತಿದ್ದವರನ್ನ ಬಡಿದರು. ಕಾರಣ ತುಪ್ಪ. ದುಡ್ಡು ಅವನದ್ದು, ತುಪ್ಪ ಅವನದ್ದು, ನೆಂಟರು ಅವನವರು. ಆದರೂ ತುಪ್ಪ ತಿನ್ನೋದು ಮೇಲಿನವರ ಅಂತಸ್ತು, ನಿನಗೆ ಯಾಕೆ ಅನ್ನೋದು ತಕರಾರು.

ಈಗ ಹೇಳಿ, ಚಕ್ವಾರದ ಆ ಮನುಷ್ಯನಿಗೆ "ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ಅವನಿಗೆ ಊಟ ಗೊತ್ತಿತ್ತು. ಊಟ ಗೊತ್ತಿದ್ದದ್ದೇ ಅಪರಾಧ ಆಯ್ತು.

ಸೀಮೆಯಿಂದ ಬಂದ ತರಕಾರಿಗೆ ಮಡಿ

ಇನ್ನು "ನಮ್ಮ ಪೂರ್ವಜರ ಶುದ್ಧ ಸಾತ್ವಿಕ ಆಹಾರ" ಅನ್ನೋ ಭಾಷಣಕ್ಕೆ ಒಂದೆರಡು ಮಾತು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಬೀನ್ಸ್, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ, ಸೀತಾಫಲ ಇವೆಲ್ಲ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. 1498ರಲ್ಲಿ ಪೋರ್ಚುಗೀಸರು ಕಡಲ ದಾರಿಯಲ್ಲಿ ಇಲ್ಲಿಗೆ ಬಂದ ಮೇಲೆ ಒಂದೊಂದಾಗಿ ಬಂದು ನೆಲೆಯಾದವು. ಅದಕ್ಕೂ ಮುಂಚೆ ನಮ್ಮ ಖಾರ ಅಂದರೆ ಕಾಳುಮೆಣಸು. ಕೋಸು, ಹೂಕೋಸು, ನವಿಲುಕೋಸು, ಈಗಿನ ಕಿತ್ತಳೆ ಬಣ್ಣದ ಕ್ಯಾರೆಟ್ಟು ಬಿಳಿಯರ ದಂಡು ಬಂದ ಕಡೆಗಳಲ್ಲಿ ಹಬ್ಬಿದವು. ಬೆಂಗಳೂರಿನ ಲಾಲ್‌ಬಾಗ್ ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. 19ನೇ ಶತಮಾನದ ಕೊನೆಯಲ್ಲಿ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನ್ ಕಾಲದಲ್ಲಿ ಸೀಮೆಬದನೆ ಇಲ್ಲಿ ನೆಲೆಯೂರಿತು. ತಮಿಳರು ಅದಕ್ಕೆ ಇವತ್ತಿಗೂ ಬೆಂಗಳೂರು ಕತ್ತರಿಕಾಯಿ ಅಂತಾರೆ. "ಸೀಮೆ" ಅನ್ನೋ ಪದವೇ ಹೊರಗಿನಿಂದ ಬಂದದ್ದು ಅಂತ ಹೇಳುತ್ತೆ.

ಸಾವಿರಾರು ಮೈಲಿ ದೂರದಿಂದ, ಯಾರ್ಯಾರದೋ ಹಡಗಿನಲ್ಲಿ, ಯಾರ್ಯಾರೋ ಮುಟ್ಟಿದ ಆಲೂಗಡ್ಡೆ ಮಡಿ ಅಡುಗೆಮನೆಗೆ ಹೋಯಿತು. ಅದೇ ಮಣ್ಣಲ್ಲಿ ಹುಟ್ಟಿ, ಅದೇ ಹೊಲ ಉತ್ತು ಬೆಳೆಸಿದವರು ಹೊಸಿಲ ಆಚೆಯೇ ಉಳಿದರು. ಗೆಡ್ಡೆಗೆ ಸಿಕ್ಕ ಪ್ರವೇಶ ಮನುಷ್ಯರಿಗೆ ಸಿಗಲಿಲ್ಲ.

ಶಾಲೆಯ ಒಲೆ

ಸ್ವತಂತ್ರ ಭಾರತದಲ್ಲಿ ಕೇರಿಯ ಮಕ್ಕಳ ತಟ್ಟೆಗೆ ತರಕಾರಿ ತಂದ ದೊಡ್ಡ ಬದಲಾವಣೆ ಅಂದರೆ ಶಾಲೆಯ ಬಿಸಿಯೂಟ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಎಲ್ಲಾ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಅನ್ನ, ತರಕಾರಿ ಸಾಂಬಾರು. ಎಷ್ಟೋ ಮಕ್ಕಳಿಗೆ ದಿನದಲ್ಲಿ ಕ್ಯಾರೆಟ್ಟು, ಬೀನ್ಸು ಕಾಣಿಸೋದು ಅಲ್ಲಿ ಮಾತ್ರ.

2004ರ ಏಪ್ರಿಲ್ 20ರಂದು ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು. ಅಡುಗೆಯವರ, ಸಹಾಯಕಿಯರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕು. ಇದನ್ನ ಕೆಲಸ ಕೊಡೋ ಆದೇಶ ಅಂತ ಮಾತ್ರ ಓದಬೇಡಿ. ಮೇಲೆ ಹೇಳಿದೆನಲ್ಲ, ಬದನೆಕಾಯಿಗೆ ನಮ್ಮ ಒಲೆ ಮೇಲೆ ಮೈಲಿಗೆ ಅಂಟುತ್ತೆ ಅಂತ. ಆ ನಂಬಿಕೆಯ ಬುಡಕ್ಕೇ ಕೈ ಹಾಕಿದ ಆದೇಶ ಇದು. ಒಂದೇ ಪಾತ್ರೆ, ದಲಿತ ಹೆಣ್ಣುಮಗಳ ಕೈ ಅಡುಗೆ, ಊರ ಮಕ್ಕಳೆಲ್ಲ ಒಂದೇ ಸಾಲು.

ಅದಕ್ಕೇ ಅದರ ಮೇಲೆ ಅಷ್ಟು ಸಿಟ್ಟು. ಅಡುಗೆಯವರು ದಲಿತರು ಅಂತ ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿಕೊಟ್ಟ, ಶಾಲೆಯನ್ನೇ ಬಿಡಿಸಿದ ಸುದ್ದಿಗಳನ್ನ ಇವತ್ತಿಗೂ ಪೇಪರಲ್ಲಿ ಓದ್ತೀವಿ. ಅಡುಗೆ ಮನೆಯ ಕೀಲಿ ಕೈಗೆ ಬಂದರೂ ಸೌಟು ಹಿಡಿಯೋಕೆ ಬಿಡದ ಊರುಗಳಿವೆ. ಆ ಹೆಣ್ಣುಮಕ್ಕಳು ತಿಂಗಳಿಗೆ ಪಡೆಯೋ ಗೌರವಧನ ಎಷ್ಟು ಕಡಿಮೆ ಅಂತ ಎಲ್ಲರಿಗೂ ಗೊತ್ತು. ಆದರೂ ದಿನಾ ಬೆಳಗ್ಗೆ ಬಂದು ತರಕಾರಿ ಹೆಚ್ಚುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಮಹಾಡದ ಮೆರವಣಿಗೆಯಲ್ಲೇ ಇನ್ನೂ ನಡೀತಾ ಇದ್ದಾರೆ.

2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರೋ ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡೋಕೆ ಶುರು ಮಾಡಿದರು. ಮೊಟ್ಟೆ ಮೇಲೆ ಎಷ್ಟು ಗಲಾಟೆ ಆಯಿತು, ನೆನಪಿದೆ. ಬಾಳೆಹಣ್ಣಿನ ಮೇಲೆ ಯಾರೂ ಗಲಾಟೆ ಮಾಡಲಿಲ್ಲ. ನನಗೆ ಅನ್ನಿಸಿದ್ದು ಇಷ್ಟೇ: ಮೊಟ್ಟೆಯೋ ಬಾಳೆಹಣ್ಣೋ ಅಂತ ಯಾಕೆ ಆರಿಸಬೇಕು? ಬೆಳೆಯೋ ಮಗುವಿಗೆ ಎರಡೂ ಬೇಕಲ್ವಾ? ಉಳ್ಳವರ ಮನೆ ಮಕ್ಕಳು ಎರಡನ್ನೂ ತಿಂದೇ ತಾನೇ ಶಾಲೆಗೆ ಬರೋದು?

ಇವತ್ತಿನ ಲೆಕ್ಕ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಮೂರರಲ್ಲಿ ಸುಮಾರು ಎರಡು ಮಕ್ಕಳು. ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6. 2015-16ರ ಕೃಷಿ ಗಣತಿಯಲ್ಲಿ ನಮ್ಮವರ ಕೈಯಲ್ಲಿದ್ದ ಸಾಗುವಳಿ ಭೂಮಿ ಶೇ. 9ಕ್ಕಿಂತ ಕಡಿಮೆ. ಈ ಅಂಕಿಗಳನ್ನ ಒಂದರ ಪಕ್ಕ ಒಂದಿಟ್ಟು ನೋಡಿ. ಸೊಪ್ಪು ಎಲ್ಲಿ ಹೋಯಿತು ಅಂತ ಗೊತ್ತಾಗುತ್ತೆ.

ಹೊಲದ ಬದುವಿನ ಸೊಪ್ಪೂ ಈಗ ಹೋಗ್ತಾ ಇದೆ. ಕೈಯಲ್ಲಿ ಕಳೆ ಕೀಳಿಸೋ ಬದಲು ಕಳೆನಾಶಕ ಹೊಡೆಯೋ ಕಡೆಗಳಲ್ಲಿ ಅಣ್ಣೆ ಸೊಪ್ಪೂ ಇಲ್ಲ, ಹೊನಗೊನೆಯೂ ಇಲ್ಲ. ಉಳಿದಿದ್ದರೂ ಕಿತ್ತು ತಿನ್ನೋಕೆ ಭಯ. ಕೆರೆ ಅಂಗಳ, ಗೋಮಾಳ ಒತ್ತುವರಿ ಆದ ಕಡೆ ಕಾರೆ, ಕವಳೆ ಗಿಡ ಎಲ್ಲಿ ಉಳಿಯುತ್ತೆ? ಅತ್ತ ಅದೇ ಹೊನಗೊನೆ ಸೊಪ್ಪು ಪೇಟೆಯಲ್ಲಿ ಆರ್ಗ್ಯಾನಿಕ್ ಅಂಗಡಿಯ ತಂಪು ಕಪಾಟಿನಲ್ಲಿ ಕೂತಿದೆ, ಕಣ್ಣಿಗೆ ಒಳ್ಳೆಯದು ಅಂತ ಚೀಟಿ ಅಂಟಿಸಿಕೊಂಡು. ಅಜ್ಜಿ ತಂದಾಗ ಅದು ಹೊಲೆಗೇರಿ ಸೊಪ್ಪು. ಕೇರಿ ಹುಡುಗರು ಅದರ ಹೆಸರು ಹೇಳೋಕೆ ನಾಚಿಕೊಂಡು ಅಂಗಡಿಯ ಐದು ರೂಪಾಯಿ ಕುರುಕಲು ಪ್ಯಾಕೆಟ್ ತಿಂತಾ ಇದ್ದಾರೆ. ಹುಡುಗರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಐದು ರೂಪಾಯಿಗೆ ಹೊಟ್ಟೆ ತುಂಬಿದ ಹಾಗೆ ಅನ್ನಿಸೋ ವಸ್ತು ಅದೊಂದೇ. ಐದು ರೂಪಾಯಿಗೆ ಯಾವ ಹಣ್ಣು ಬರುತ್ತೆ?

ಹಾಗಾದರೆ ಏನು ಮಾಡೋದು? ನನಗೆ ತೋಚಿದ್ದು ನಾಲ್ಕು ಮಾತು.

ಒಂದು, ನಾಚಿಕೆ ಬಿಡೋಣ. ಬಸ್ಸಾರು, ಉಪ್ಸಾರು, ಬೆರಕೆ ಸೊಪ್ಪು, ಬೆಳ್ಳುಳ್ಳಿ, ಅಣಬೆ ನಮ್ಮ ಅಡುಗೆ. ಮನೆಗೆ ನೆಂಟರು ಬಂದಾಗಲೂ ಮಾಡೋಣ. ಮರಾಠಿಯಲ್ಲಿ ಶಾಹು ಪಾಟೋಳೆ ಅವರು ಮರಾಠವಾಡದ ದಲಿತರ ಅಡುಗೆ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಕಡೆಯ ಕೇರಿಗಳ ಅಡುಗೆಯೂ ಹಾಗೆ ಒಂದು ಕಡೆ ಸೇರಿ ಅಚ್ಚಾಗಬೇಕು.

ಎರಡು, ನಿಮ್ಮ ಮನೆಯ, ಬೀದಿಯ ಅಜ್ಜಿಯರನ್ನ ಕೂರಿಸಿಕೊಂಡು ಸೊಪ್ಪಿನ ಹೆಸರು ಬರೆದಿಟ್ಟುಕೊಳ್ಳಿ. ಯಾವ ಕಾಲದ್ದು, ಹೇಗೆ ಮಾಡೋದು, ಯಾರಿಗೆ ಕೊಡಬಾರದು. ಮೊಬೈಲಲ್ಲಿ ಫೋಟೋ ಸಮೇತ. ಗುರುತು ಗೊತ್ತಿಲ್ಲದ ಗಿಡವನ್ನ ಮಾತ್ರ ಊಹೆ ಮೇಲೆ ತಿನ್ನಬೇಡಿ, ಅಣಬೆಯಂತೂ ಬೇಡವೇ ಬೇಡ.

ಮೂರು, ಗ್ರಾಮಸಭೆಗೆ ಹೋದಾಗ ಅಕ್ಕಿ, ಮನೆ, ಪಿಂಚಣಿ ಜೊತೆಗೆ ಇದನ್ನೂ ಕೇಳಿ: ನಮ್ಮ ಕೇರಿಯ ನಲ್ಲಿಯಲ್ಲಿ ದಿನಕ್ಕೆ ಎಷ್ಟು ಹೊತ್ತು ನೀರು ಬರುತ್ತೆ? ಊರೊಳಗೆ ಎಷ್ಟು ಹೊತ್ತು? ಶಾಲೆ, ಅಂಗನವಾಡಿ ಹಿಂದೆ ಖಾಲಿ ಜಾಗ ಇದ್ದರೆ ನುಗ್ಗೆ, ಪರಂಗಿ, ಸೀಬೆ, ಕರಿಬೇವು ಯಾಕಿಲ್ಲ? ಹೊಸ ಬಡಾವಣೆಯಲ್ಲಿ ನಮಗೆ ಕೊಡೋ ನಿವೇಶನದಲ್ಲಿ ಎರಡು ಗಿಡ ನೆಡೋಕಾದರೂ ಜಾಗ ಬಿಟ್ಟಿದ್ದೀರಾ?

ನಾಲ್ಕು, ಬಿಸಿಯೂಟ ಮಾಡೋ ನಮ್ಮ ಅಕ್ಕಂದಿರ ಜೊತೆ ನಿಲ್ಲಿ. ಅವರ ಕೈ ಊಟ ಬೇಡ ಅಂದ ಸುದ್ದಿ ಬಂದರೆ ಊರಿನ ಮರ್ಯಾದೆ ಅಂತ ಮುಚ್ಚಿಡಬೇಡಿ, ದೂರು ಕೊಡಿ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯ ಪ್ರಕಾರ ನಿಷಿದ್ಧ, ಶಾಲೆಯ ಅಡುಗೆಮನೆಯಲ್ಲೂ ನಿಷಿದ್ಧ.

ಊಟ ಹೇಗೆ ಮಾಡಬೇಕು ಅಂತ ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಬಾವಿ, ನಾಲ್ಕು ಗುಂಟೆ ನೆಲ. ಅದು ಇನ್ನೂ ಬಾಕಿ ಇದೆ.

ನಿಮ್ಮ ಊರ ಕಡೆ ತಿನ್ನೋ ಸೊಪ್ಪು, ಕಾಡು ಹಣ್ಣಿನ ಹೆಸರುಗಳನ್ನ ಕೆಳಗೆ ಬರೀರಿ, ಊರಿನ ಹೆಸರು ಸಮೇತ. ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡಿ ಹಾಕ್ತೀನಿ.

ಜೈ ಭೀಮ್.